ಕೈಯಿಂದ ಬರುವ ನುಡಿ



ಮಣಿಪಾಲದಲ್ಲಿ ನೌಕರಿಯಲ್ಲಿರುವ ಓದುಗರೊಬ್ಬರು ಈಚೆಗೆ ನಮಗೊಂದು ಪತ್ರ ಬರೆದಿದ್ದಾರೆ. ಅವರು ಮೂಲತಃ ಇಳಕಲ್ಲಿನವರು. ಅವರ ಮಗಳು ಎಂಟನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಒಂದು ವರ್ಷದಿಂದ ಆ ಮಗುವಿಗೆ ಸ್ಪ್ಯಾನಿಷ್ ಭಾಷೆಯ ಪಾಠ ಹೇಳಿಸುತ್ತಿದ್ದಾರೆ. "ಹಣ ಬಹಳ ವೆಚ್ಚವಾಯಿತು, ಫಲ ಕಾಣಲಿಲ್ಲ. ಅದನ್ನು ಬಿಡಿಸಿ ವಚನಪಾಠಕ್ಕೆ ಹಾಕಿದರೆ ಸಂಸ್ಕಾರವಾದರೂ ದೊರೆತೀತು. ತಮ್ಮ ಅಭಿಪ್ರಾಯವೇನು?" ಎಂಬುದು ಅವರ ಪ್ರಶ್ನೆ. ಇದಕ್ಕೆ ಅವರಿಗಷ್ಟೇ ಉತ್ತರ ಬರೆಯಬಹುದಿತ್ತು. ಆದರೆ ಇಂಥ ಪ್ರಶ್ನೆ ಇಂದು ಅನೇಕ ಮನೆಗಳಲ್ಲಿದೆ. ಅಲ್ಲದೆ ಈ ಪ್ರಶ್ನೆ ಹುಟ್ಟಿದ ದಿನ ನಾವು ಆ ಮನೆಯಲ್ಲಿಯೇ ಇದ್ದೆವು. ಆ ದಿನ ನಮ್ಮ ತಪ್ಪೊಂದೂ ನಮಗೆ ಕಂಡಿತು. ಆದ್ದರಿಂದ ಅವರ ಒಪ್ಪಿಗೆ ಪಡೆದು ಇಲ್ಲಿಯೇ ಬರೆಯುತ್ತಿದ್ದೇವೆ.

ಪ್ರವಚನದ ನಿಮಿತ್ತ ಉಡುಪಿಯ ಕಡೆಗೆ ಹೋಗಿದ್ದಾಗ ಆ ಸದ್ಭಕ್ತರು ನಮ್ಮನ್ನು ಪ್ರಸಾದಕ್ಕೆ ಕರೆದಿದ್ದರು. ಅದೇ ದಿನ ಮೆಕ್ಸಿಕೊ ದೇಶದ ಒಬ್ಬ ಸಂಶೋಧನ ವಿದ್ಯಾರ್ಥಿನಿಯೂ ಅವರ ಮನೆಗೆ ಅತಿಥಿಯಾಗಿ ಬಂದಿದ್ದಳು. ಮೆಕ್ಸಿಕೊದ ಜನರ ಮಾತು ಸ್ಪ್ಯಾನಿಷ್. ಮಗಳ ವಿದ್ಯೆಯನ್ನು ನಮ್ಮ ಮುಂದೆ ತೋರಿಸಬೇಕೆಂಬ ಆಸೆ ತಂದೆಗಿದ್ದುದು ಸಹಜ. ಮಗು ಎದ್ದುನಿಂತು ಕ್ರಿಯಾಪದಗಳ ರೂಪಗಳನ್ನು ಮೂರು ಕಾಲಗಳಲ್ಲಿಯೂ ಒಂದೂ ತಪ್ಪಿಲ್ಲದೆ ಒಪ್ಪಿಸಿತು. ಅತಿಥಿ ಸಂತೋಷಪಟ್ಟು ಮೆಲ್ಲನೆ ಏನೋ ಕೇಳಿದಳು. ಮಗು ಉತ್ತರಿಸಲಿಲ್ಲ. ಇನ್ನೊಮ್ಮೆ ಕೇಳಿದಳು. ಮಗುವಿನ ಕಣ್ಣಲ್ಲಿ ನೀರು ತುಂಬಿತು. "ನಿನಗೆ ರೊಟ್ಟಿ ಇಷ್ಟವೆ?" ಎಂದಷ್ಟೇ ಆಕೆ ಕೇಳಿದ್ದಳೆಂದು ಅನಂತರ ತಿಳಿಯಿತು. "ವರ್ಷದ ಹಣ ನೀರಿಗೆ ಹೋಯಿತು" ಎಂದು ತಂದೆ ಗೊಣಗಿದ್ದು ನಮಗೂ ಕೇಳಿಸಿತು, ಮಗುವಿಗೂ ಕೇಳಿಸಿತು.

ಅಷ್ಟರಲ್ಲಿ ಒಳಗೆ ಅಜ್ಜಿ ಜೋಳದ ರೊಟ್ಟಿ ಬಡಿಯುವ ಸದ್ದು ಎದ್ದಿತು. ಆ ಸದ್ದು ಕೇಳಿದ್ದೇ ತಡ, ಅತಿಥಿ ಎದ್ದು ಅಡಿಗೆಮನೆಯ ಬಾಗಿಲಿಗೆ ಹೋದಳು. ಅವರ ನಾಡಿನಲ್ಲಿಯೂ ಮೆಕ್ಕೆಜೋಳದ ಹಿಟ್ಟನ್ನು ಎರಡು ಅಂಗೈಗಳ ನಡುವೆ ತಟ್ಟಿ ರೊಟ್ಟಿ ಮಾಡುತ್ತಾರಂತೆ. ಅದಕ್ಕೆ ತೊರ್ತೀಯಾ ಎಂದು ಹೆಸರು. ಕೈ ತೊಳೆದು ಕುಳಿತಳು. ಆಕೆ ತಟ್ಟಿದ್ದರ ಅಂಚು ಒಡೆಯಿತು. ಅಜ್ಜಿ ಬೆರಳಿಗೆ ನೀರು ಮುಟ್ಟಿಸಿ ಅಂಚು ಕೂಡಿಸುವುದನ್ನು ತೋರಿಸಿದರು. "ನೀರು" ಎಂದರು ಅಜ್ಜಿ. "ಆಗ್ವಾ" ಎಂದಳು ಆಕೆ. "ಉಪ್ಪು" ಎಂದರೆ "ಸಾಲ್". "ಹಿಟ್ಟು" ಎಂದರೆ "ಮಾಸಾ". "ಕೈ" ಎಂದರೆ "ಮಾನೊ". ಅರ್ಧ ಗಂಟೆಯಲ್ಲಿ ಹತ್ತು ಹನ್ನೆರಡು ಶಬ್ದಗಳು ಆ ಒಲೆಯ ಮುಂದೆ ಕೈ ಬದಲಾಯಿಸಿದವು. ಊಟಕ್ಕೆ ಕುಳಿತಾಗ ಅಜ್ಜಿ ಅತಿಥಿಗೆ "ಆಗ್ವಾ ಬೇಕೇನವ್ವ?" ಎಂದು ಕೇಳಿದರು. ಎಲ್ಲರೂ ನಕ್ಕೆವು, ಮಗುವೊಂದನ್ನು ಬಿಟ್ಟು.

ಊಟದ ತರುವಾಯ ಆ ಮಗು ನಮ್ಮ ಬಳಿ ಬಂದು ಕೇಳಿತು: "ಅಜ್ಜಾರ, ನಾನು ವರ್ಷಗಟ್ಟಲೆ ಓದೀನಿ, ನನಗ ಮಾತು ಬರಲಿಲ್ಲ. ಆಯಿ ಒಂದು ದಿನಾನೂ ಓದಿಲ್ಲ, ಆಕಿಗೆ ಹೆಂಗ ಬಂತು?"

ಈ ಪ್ರಶ್ನೆಗೆ ಉತ್ತರವಾಗಿ ನಮಗೆ ಮೊದಲು ನೆನಪಾದುದು 400 ವರ್ಷಗಳ ಹಿಂದಿನ ಒಂದು ಸಂಗತಿ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವೆಯಿಂದ ಹೊರಟು ಇಕ್ಕೇರಿಗೆ ಬಂದನು. ಕೆಳದಿಯ ವೆಂಕಟಪ್ಪ ನಾಯಕರ ಆಸ್ಥಾನಕ್ಕೆ ಬರುತ್ತಿದ್ದ ಪೋರ್ಚುಗೀಜ್ ರಾಯಭಾರಿಯ ಸಂಗಡ ಅವನು ಬಂದದ್ದು. 1580ರಿಂದ 1640ರ ವರೆಗೆ ಪೋರ್ಚುಗಲ್ ದೇಶವು ಸ್ಪೇನಿನ ಅರಸರ ಕೈಯಲ್ಲಿದ್ದುದರಿಂದ, ನಮ್ಮ ಸಮಾಜದವರೇ ಆದ ಕೆಳದಿ ಅರಸರ ಬಳಿಗೆ ಬಂದ ಆ ರಾಯಭಾರವು ಸ್ಪೇನಿನ ಅರಸನ ಹೆಸರಿನಲ್ಲಿಯೇ ಬಂದಂತಾಯಿತು. ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಅವನು ಕಂಡನು. ನೆಲದ ಮೇಲೆ ಸಣ್ಣ ಉಸುಕು ಹರಡಿತ್ತು. ಒಬ್ಬನು ರಾಗವಾಗಿ ಹೇಳಿ ಬೆರಳಿನಿಂದ ಬರೆಯುವನು. ಉಳಿದವರು ಹಾಗೆಯೇ ಹೇಳಿ ಬರೆಯುವರು. ಹತ್ತಿರದಲ್ಲಿ ಗುರುಗಳಿರಲಿಲ್ಲ. "ತಪ್ಪಿದರೆ ತಿದ್ದುವವರು ಯಾರು?" ಎಂದು ಅವನು ಕೇಳಿದನು. ನಾಲ್ವರೂ ಒಂದೇ ಕಡೆಯಲ್ಲಿ ತಪ್ಪುವುದು ಸಾಧ್ಯವಿಲ್ಲ, ಒಬ್ಬನು ಮರೆತದ್ದನ್ನು ಇನ್ನೊಬ್ಬನು ತಿದ್ದುವನು ಎಂದು ಹುಡುಗರು ಉತ್ತರಿಸಿದರು. ಆ ಉತ್ತರಕ್ಕೆ ಮೆಚ್ಚಿ ಪ್ರವಾಸಿಯು ಅದನ್ನು ತನ್ನ ಪತ್ರದಲ್ಲಿ ಬರೆದಿಟ್ಟನು.

ನಮ್ಮ ಬಾಲ್ಯದಲ್ಲಿ ಮಠದ ಐಗಳು ನಮಗೆ ಅಕ್ಷರ ಕಲಿಸಿದ್ದೂ ಉಸುಕಿನ ಮೇಲೆಯೇ. ಅಕ್ಷರವು ಕಣ್ಣಿಗೆ ಕಂಡು, ಕಿವಿಗೆ ಕೇಳಿ, ಬಾಯಲ್ಲಿ ಆಡಿ, ಬೆರಳ ತುದಿಗೆ ಮುಟ್ಟಿ ಒಳಗೆ ಹೋಗುತ್ತಿತ್ತು. ಪಕ್ಕದಲ್ಲಿ ಜೊತೆಗಾರನಿರುತ್ತಿದ್ದನು. ಈ ಮಗುವಿಗೆ ದೊರೆತದ್ದಾದರೂ ಏನು? ಗಣಕಯಂತ್ರದ ಪರದೆ, ಪ್ರಶ್ನೋತ್ತರದ ಹಾಳೆ, ಅಂಕ. ಜೊತೆಗಾರರಿಲ್ಲ, ವಸ್ತುವಿಲ್ಲ, ಉಣ್ಣುವವರಿಲ್ಲ, ಉಣಿಸುವವರಿಲ್ಲ. ಅಜ್ಜಿಗೆ ಭಾಷೆ ಬಂದಿತೆಂದು ನಾವು ಹೇಳುವುದಿಲ್ಲ. ಹನ್ನೆರಡು ಶಬ್ದಗಳಿಂದ ಭಾಷೆ ಬರುವುದಿಲ್ಲ. ಆದರೆ ಬಂದಷ್ಟು ಮಾತು ಕೆಲಸಕ್ಕೆ ಬಂದಿತು. ಮಗುವಿಗೆ ಬಂದದ್ದು ಬಹಳ, ಕೆಲಸಕ್ಕೆ ಬಂದದ್ದು ಶೂನ್ಯ. ಎರಡೂ ಕೂಡಬೇಕು.

ಸ್ಪ್ಯಾನಿಷ್ ಸಾಮಾನ್ಯ ಭಾಷೆಯಲ್ಲ. ಸುಮಾರು 20 ದೇಶಗಳ ಆಡಳಿತ ಅದರಲ್ಲಿ ನಡೆಯುತ್ತದೆ. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಅದೂ ಒಂದು. ಪ್ರೌಢಹಂತದ ಮಕ್ಕಳು ಭಾರತೀಯ ಭಾಷೆಗಳ ಜೊತೆಗೆ ಕಲಿಯಬಹುದಾದ ವಿದೇಶೀ ಭಾಷೆಗಳನ್ನು ಹೆಸರಿಸುವಾಗ 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸ್ಪ್ಯಾನಿಷ್ ಅನ್ನೂ ಹೇಳಿದೆ. ಆದ್ದರಿಂದ ಕಲಿಯುವುದರಲ್ಲಿ ದೋಷವಿಲ್ಲ. ಕಲಿಸುವ ದಾರಿಯನ್ನು ಮಾತ್ರ ವಿಚಾರಿಸಬೇಕಾಗಿದೆ.

ನಮಗೆ ಸ್ಪ್ಯಾನಿಷ್ ಬಾರದು. ಆ ಮಧ್ಯಾಹ್ನ ಅತಿಥಿಯನ್ನು ಕೇಳಿ, ಆಮೇಲೆ ವ್ಯಾಕರಣದ ಪುಸ್ತಕವನ್ನು ತಿರುವಿ ತಿಳಿದುಕೊಂಡದ್ದಿಷ್ಟು. ಆ ಭಾಷೆಗೆ ಇಂಗ್ಲಿಷಿಗಿಂತ ಕನ್ನಡದ ಬಾಗಿಲೇ ಎಷ್ಟೋ ಕಡೆ ಹತ್ತಿರ. ಅದನ್ನು ಬಹುಮಟ್ಟಿಗೆ ಬರೆದಂತೆಯೇ ಓದುತ್ತಾರೆ. ಅದರ ತಕಾರ ದಕಾರಗಳು ನಮ್ಮ ತ, ದಗಳೇ. ಇಂಗ್ಲಿಷಿನ ಟ, ಡಗಳಲ್ಲ. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಂತಿರುವ ಞ ಅಕ್ಷರಕ್ಕೆ ಅಲ್ಲಿ ದಿನನಿತ್ಯದ ಕೆಲಸವಿದೆ: ಮಗುವಿಗೆ ನಿಞೊ, ನಾಳೆಗೆ ಮಞಾನ. ನೀನು, ನೀವು ಎಂಬ ಭೇದ ಅಲ್ಲಿಯೂ ಉಂಟು: ತೂ, ಉಸ್ತೆದ್. 'ಬಂದೆ' ಎಂದರೆ 'ನಾನು' ಎಂದು ಬೇರೆ ಹೇಳಬೇಕಾಗಿಲ್ಲದಂತೆ ಅಲ್ಲಿಯೂ ಕ್ರಿಯಾಪದವೇ ಕರ್ತೃವನ್ನು ಹೇಳುತ್ತದೆ. ಇನ್ನು, ಆ ಮಗುವನ್ನು ಅಳಿಸಿದ ಪ್ರಶ್ನೆಯನ್ನೇ ನೋಡಿರಿ. 'ನನಗೆ ಇಷ್ಟ' ಎಂದು ನಾವು ಚತುರ್ಥಿ ವಿಭಕ್ತಿಯಲ್ಲಿ ಹೇಳುವಂತೆಯೇ ಅವರು 'ಮೆ ಗುಸ್ತಾ' ಎನ್ನುತ್ತಾರೆ. ಇಂಗ್ಲಿಷಿನ ಮೂಲಕ ಕಲಿಯುವ ಮಗು ಅಲ್ಲಿ ಎಡವುತ್ತದೆ. 'ನನಗೆ' ಎಂಬುದನ್ನು ಹಿಡಿದು ಹೋದರೆ ದಾರಿ ನೇರ. ಮನೆಯ ಬಾಗಿಲು ತೆರೆದಿರಲು ಮಗುವನ್ನು ಊರು ಸುತ್ತಿಸಿ ಕರೆದೊಯ್ದಂತಾಯಿತಲ್ಲವೆ?

ಶಬ್ದಗಳ ವಿಷಯವೂ ಹಾಗೆಯೇ. ಪೋರ್ಚುಗೀಜರ ಹಡಗುಗಳೊಂದಿಗೆ ಕರಾವಳಿಗೆ ಬಂದು ನಮ್ಮ ಮನೆಗಳಲ್ಲಿ ನೆಲೆಸಿದ ಎಷ್ಟೋ ಮಾತುಗಳು ಅದರ ಸೋದರಭಾಷೆಯಾದ ಸ್ಪ್ಯಾನಿಷಿನಲ್ಲಿಯೂ ಇವೆ. ಬಾಲ್ದಿ ಅಲ್ಲಿ ಬಾಲ್ದೆ; ಪಾದ್ರಿ ಪಾದ್ರೆ; ತಂಬಾಕು ತಬಾಕೊ; ಬಟಾಟೆ ಪತಾತಾ; ಪಪ್ಪಾಯಿ ಪಪಾಯಾ. ತಂದೆಯ ಪಗಾರವು ಅಲ್ಲಿ 'ಪಗಾರ್', ಎಂದರೆ ಹಣ ಕೊಡುವುದು.

ಮೆಣಸಿನಕಾಯಿಯ ಕಥೆ ಇನ್ನೂ ಸೊಗಸು. ಅದು ನಮ್ಮ ನೆಲದ್ದಲ್ಲ. ಅಮೆರಿಕ ಖಂಡದಿಂದ ಬಂದದ್ದು. ಅದನ್ನು ಕಂಡಾಗ ನಮ್ಮ ಹಿರಿಯರು ತಾವು ಬಲ್ಲ ಕರಿಮೆಣಸನ್ನು ನೆನೆದು ಮೆಣಸಿನಕಾಯಿ ಎಂದರು. ಸ್ಪೇನಿನವರೂ ಹಾಗೆಯೇ ಮಾಡಿದರು: ಕರಿಮೆಣಸು ಅವರಿಗೆ ಪಿಮಿಯೆಂತಾ, ಮೆಣಸಿನಕಾಯಿ ಪಿಮಿಯೆಂತೊ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಜರು ಕಾಳುಮೆಣಸಿನ ರಾಣಿ ಎಂದು ಕರೆದದ್ದೂ ಇದೇ ಶಬ್ದದಿಂದ. ಸಮುದ್ರದ ಎರಡು ದಂಡೆಗಳ ಜನರು ಹೊಸ ವಸ್ತುವಿಗೆ ಹೆಸರಿಡುವಾಗ ಒಂದೇ ರೀತಿಯಲ್ಲಿ ಯೋಚಿಸಿದರು. ಇದನ್ನು ಮಗುವಿಗೆ ಮೆಣಸಿನಕಾಯಿಯನ್ನು ಕೈಗೆ ಕೊಟ್ಟೇ ಹೇಳಬೇಕು.

ಹಾಗಾದರೆ ಉಡುಪಿ ಸೀಮೆಯ ಮಕ್ಕಳಿಗೆ ಈ ಭಾಷೆಯನ್ನು ಎಲ್ಲಿ ಕಲಿಸಬಹುದು? ನಾವು ಆ ತಂದೆಗೆ ನಾಲ್ಕು ಸ್ಥಳಗಳನ್ನು ಸೂಚಿಸಿದ್ದೇವೆ. ಮೊದಲನೆಯದು ಉಡುಪಿಯ ಪೇಟೆ. ತರಕಾರಿ ಕೊಳ್ಳುತ್ತ ಹೆಸರು, ಎಣಿಕೆ, ಬೆಲೆ ಕಲಿಯಲಿ. ಮನೆಗೆ ತಂದು ಅಡಿಗೆ ಮಾಡುತ್ತ ಕ್ರಿಯಾಪದ ಕಲಿಯಲಿ. ಕೊಯ್ಯದೆ, ಕಲಸದೆ, ತಟ್ಟದೆ ಕ್ರಿಯಾಪದವನ್ನು ಕಲಿಯುವುದು ದಡದಲ್ಲಿ ಕುಳಿತು ಈಜು ಕಲಿತಂತೆ.

ಎರಡನೆಯದು ಕಾಪುವಿನ ಕಡಲತೀರ. 1901ರಲ್ಲಿ ಕಟ್ಟಿದ ದೀಪಸ್ತಂಭ ಅಲ್ಲಿದೆ. ದೀಪಸ್ತಂಭ ಸ್ಪ್ಯಾನಿಷಿನಲ್ಲಿ ಫಾರೊ, ಕಡಲು ಮಾರ್, ಉಸುಕು ಆರೇನಾ. ನಾಲ್ಕು ಮಕ್ಕಳನ್ನು ಆ ಉಸುಕಿನ ಮೇಲೆ ಕೂಡಿಸಿ ಬೆರಳಿನಿಂದ ಬರೆಯಿಸಿದರೆ 1623ರ ಪಾಠಶಾಲೆ ಮತ್ತೆ ತೆರೆಯುತ್ತದೆ. ಒಬ್ಬನ ತಪ್ಪನ್ನು ಇನ್ನೊಬ್ಬನು ತಿದ್ದಲಿ. ತಪ್ಪು ಬರೆದದ್ದನ್ನು ತೆರೆ ಬಂದು ಅಳಿಸಿದರೆ ಯಾರಿಗೂ ಅವಮಾನವಿಲ್ಲ.

ಮೂರನೆಯದು ಕಾರ್ಕಳ. ಅಲ್ಲಿಯ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಗೆ 2016ರಲ್ಲಿ ಬಸಿಲಿಕದ ಪದವಿ ದೊರೆಯಿತು. ಜನವರಿಯ ಜಾತ್ರೆಗೆ ಎಲ್ಲ ಮತದವರೂ ಹೋಗಿ ಮೇಣದಬತ್ತಿ ಹಚ್ಚುವುದುಂಟು. ಕ್ರಿ.ಶ. 258ರಲ್ಲಿ ರೋಮಿನಲ್ಲಿ ಹುತಾತ್ಮರಾದ ಈ ಸಂತರು ತಮ್ಮ ಊರಿನವರೆಂದು ಸ್ಪೇನಿನ ವೆಸ್ಕಾ ಎಂಬ ಪಟ್ಟಣದವರು ನಂಬುತ್ತಾರೆ. ಪ್ರತಿ ಆಗಸ್ಟ್ 10ರಂದು ಅವರ ಉತ್ಸವ ಮಾಡುತ್ತಾರೆ. ಅಲ್ಲಿ ಅವರ ಹೆಸರು ಸಾನ್ ಲೊರೆಂಸೊ. ಬಡವರೇ ತನ್ನ ಧರ್ಮಸಭೆಯ ಸಂಪತ್ತು ಎಂದು ಅಧಿಕಾರಿಗೆ ತೋರಿಸಿದವರೆಂಬುದು ಅವರ ಕಥೆ. ದಾಸೋಹವನ್ನು ಬಲ್ಲ ನಮ್ಮ ಮಕ್ಕಳಿಗೆ ಆ ಕಥೆ ಪರಕೀಯವಾಗಲಾರದು. ಇಂಥ ಕಥೆಯನ್ನು ಆ ಸ್ಥಳದಲ್ಲಿ ಕೇಳಿ, ತಮಗೆ ಬಂದಷ್ಟು ಸ್ಪ್ಯಾನಿಷಿನಲ್ಲಿ ಮಕ್ಕಳು ತಿರುಗಿ ಹೇಳಲಿ.

ನಾಲ್ಕನೆಯದು ಮಣಿಪಾಲ. ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಕಂಬ ಕಂಬವಾಗಿ ತಂದು ಮರಳಿ ನಿಲ್ಲಿಸಿದ ಹಸ್ತಶಿಲ್ಪ ಪರಂಪರಾ ಗ್ರಾಮ ಅಲ್ಲಿದೆ. ನಮ್ಮ ಸಮಾಜದ ಹಳೆಯ ಜಂಗಮಮಠದ ಕಟ್ಟಡವೂ ಅದರಲ್ಲಿದೆ. ಪರದೇಶದ ವಿದ್ಯಾರ್ಥಿಗಳು ಮಣಿಪಾಲಕ್ಕೆ ಬರುತ್ತಲೇ ಇರುತ್ತಾರೆ. ಅವರಲ್ಲಿ ಒಬ್ಬರನ್ನು ಆ ಮಠದ ಮುಂದೆ ನಿಲ್ಲಿಸಿಕೊಂಡು, ಇದು ಏನು, ಇಲ್ಲಿ ಯಾರು ಇರುತ್ತಿದ್ದರು, ಬಂದವರಿಗೆ ಏನು ಬಡಿಸುತ್ತಿದ್ದರು ಎಂಬುದನ್ನು ಮಗು ಹೇಳಲಿ. ಅದಕ್ಕಿಂತ ದೊಡ್ಡ ಪರೀಕ್ಷೆ ಬೇರೆ ಬೇಡ.

ಇಷ್ಟು ಕಷ್ಟವೇಕೆ, ಶಬ್ದ ಕಲಿತರೆ ಸಾಲದೆ ಎಂದು ಕೇಳುವವರಿಗೆ ಮೆಕ್ಕೆಜೋಳದ ದೃಷ್ಟಾಂತ ಹೇಳುತ್ತೇವೆ. ಮೆಕ್ಸಿಕೊದ ಮೂಲನಿವಾಸಿಗಳು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಯಿಟ್ಟು, ತೊಳೆದು ರುಬ್ಬುತ್ತಿದ್ದರು; ಇಂದಿಗೂ ಹಾಗೆ ಮಾಡುವರು. ಸ್ಪೇನಿನವರು ಕಾಳನ್ನು ತಮ್ಮ ದೇಶಕ್ಕೆ ಕೊಂಡೊಯ್ದರು, ಸುಣ್ಣದ ವಿದ್ಯೆಯನ್ನು ಅಲ್ಲಿಯೇ ಬಿಟ್ಟರು. ಮೆಕ್ಕೆಜೋಳವನ್ನೇ ನಂಬಿ ಬದುಕಿದ ಬಡ ರೈತರಿಗೆ ಚರ್ಮ ಸುಲಿದು, ಬುದ್ಧಿ ಕೆಡುವ ಒಂದು ವ್ಯಾಧಿ ಹತ್ತಿತು. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಅದನ್ನು ಗುರುತಿಸಿ ವರ್ಣಿಸಿದನು. ಪೆಲಾಗ್ರಾ ಎಂಬ ಆ ರೋಗಕ್ಕೆ ನಿಯಾಸಿನ್ ಎಂಬ ಜೀವಸತ್ವದ ಕೊರತೆ ಕಾರಣವೆಂದು ತಿಳಿದದ್ದು 20ನೆಯ ಶತಮಾನದಲ್ಲಿ. ಕಾಳಿನೊಳಗೆ ಬಂಧಿಯಾಗಿರುವ ಆ ಸತ್ವವನ್ನು ಸುಣ್ಣವು ಬಿಡಿಸಿಕೊಡುತ್ತಿತ್ತು. ಕಾಳು ಬಂದಿತು, ಕೈಯ ತಿಳಿವು ಬರಲಿಲ್ಲ. ಹೊಟ್ಟೆ ತುಂಬಿದರೂ ದೇಹ ಸೊರಗಿತು. ಬಳಕೆಯಿಲ್ಲದೆ ಬಂದ ಶಬ್ದವೂ ಹಾಗೆಯೇ.

ಈಗ ನಮ್ಮ ತಪ್ಪಿನ ಮಾತು. ಆ ಮಗುವನ್ನು ಸಮಾಧಾನಪಡಿಸಲೆಂದು ನಾವು, "ಒಂದು ವಚನ ಹೇಳು ತಾಯಿ" ಎಂದೆವು. ಮಗು ಜೇಡರ ದಾಸಿಮಯ್ಯನವರು ತಮ್ಮ ನೇಯ್ಗೆಯ ಕಾಯಕವನ್ನೇ ಹಿಡಿದು ಹೇಳಿದ ವಚನವೊಂದನ್ನು ತಡೆಯಿಲ್ಲದೆ ಹೇಳಿತು. ಹೇಳಿ ಮುಗಿಸಿ, "ಅಜ್ಜಾರ, ಉಂಕಿ ಅಂದ್ರೇನು?" ಎಂದು ಕೇಳಿತು. ನಾವು ನಿಘಂಟಿನ ಅರ್ಥವನ್ನು ಹೇಳಿದೆವು. ಮಗು ತಲೆಯಾಡಿಸಿತು, ಕಣ್ಣಿನಲ್ಲಿ ಏನೂ ಮೂಡಲಿಲ್ಲ. ಆಗ ಬಾಗಿಲಲ್ಲಿ ನಿಂತಿದ್ದ ಅಜ್ಜಿ, "ಅದೇನವ್ವ, ನಮ್ಮ ಓಣಿಯಾಗ ಬೆಳ್ಳಂಬೆಳಗ್ಗೆ ಉದ್ದಕ ನೂಲು ಎಳದು ಗಂಜಿ ಹಚ್ಚತಿದ್ರಲ್ಲ, ನಿಮ್ಮಜ್ಜ ಕುಂಚ ಹಿಡದು ಹಿಂದ ಮುಂದ ಅಡ್ಡಾಡತಿದ್ರು, ಅದೇ" ಎಂದರು. ಅಷ್ಟು ಹೇಳಿ ತಾವು ಉಟ್ಟ ಇಳಕಲ್ ಸೀರೆಯ ಸೆರಗನ್ನು ಹಿಡಿದು, ಒಡಲಿಗೂ ಸೆರಗಿಗೂ ಬೇರೆ ಬೇರೆ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವ ಕ್ರಮವನ್ನು ಬೆರಳಿನಿಂದ ತೋರಿಸಿದರು. ಮಗು ಆ ಸೀರೆಯನ್ನು ಮೊದಲ ಸಲ ನೋಡುವಂತೆ ನೋಡಿತು.

ನಾವು ನಲವತ್ತು ವರ್ಷ ವಚನಗಳ ಮೇಲೆ ಉಪನ್ಯಾಸ ಮಾಡಿದವರು. ಇಪ್ಪತ್ತು ವರ್ಷ ಮಕ್ಕಳಿಗೆ ವಚನ ಕಂಠಪಾಠದ ಸ್ಪರ್ಧೆ ನಡೆಸಿದವರು. ಹೆಚ್ಚು ವಚನ ಹೇಳಿದವರಿಗೆ ಹೆಚ್ಚಿನ ಬಹುಮಾನ. ಒಂದು ಮಗುವನ್ನೂ ಮಗ್ಗದ ಮುಂದೆ ಕರೆದೊಯ್ಯಲಿಲ್ಲ. ಕುಂಬಾರನ ತಿಗುರಿ, ದೋಣಿಯ ಹುಟ್ಟು, ಮೇದಾರನ ಬಿದಿರು, ಇವುಗಳನ್ನು ಮುಟ್ಟಿಸಲಿಲ್ಲ. ಶರಣರ ನುಡಿ ಹುಟ್ಟಿದ್ದು ಕೆಲಸ ಮಾಡುವ ಕೈಗಳ ನಡುವೆ; ನಾವು ಅದನ್ನು ಕೈಯಿಂದ ಬಿಡಿಸಿ ನಾಲಗೆಗೆ ಮಾತ್ರ ಕೊಟ್ಟೆವು. ಆ ಪರದೆಯ ಪಾಠದವರು ಸ್ಪ್ಯಾನಿಷಿಗೆ ಮಾಡಿದ್ದನ್ನೇ ನಾವು ವಚನಕ್ಕೆ ಮಾಡಿದ್ದೆವು. ಹೀಗಿರುವಾಗ, 'ಸ್ಪ್ಯಾನಿಷ್ ಬಿಡಿಸಿ ವಚನಕ್ಕೆ ಹಾಕಲೆ?' ಎಂದು ಕೇಳಿದವರಿಗೆ 'ಹಾಕಿರಿ' ಎಂದು ಯಾವ ಮುಖದಿಂದ ಹೇಳುವುದು?

ಪರಭಾಷೆಯಿಂದ ಮನೆಯ ಭಾಷೆ ಕೆಡುವುದೆಂಬ ಭಯ ಕೆಲವರಿಗಿದೆ. ಉಡುಪಿಯ ಆಸುಪಾಸಿನ ನಿದರ್ಶನವನ್ನೇ ನೋಡೋಣ. ಅಮೆರಿಕದ ಮಾರ್ತಾ ಆಷ್ಟನ್ ಎಂಬ ವಿದುಷಿ ಹಿರಿಯಡಕ ಗೋಪಾಲರಾಯರ ಬಳಿ ಯಕ್ಷಗಾನ ಕಲಿತು, 1977ರಲ್ಲಿ ಆ ಕಲೆಯನ್ನು ಕುರಿತ ಪುಸ್ತಕವನ್ನು ಇನ್ನೊಬ್ಬರೊಡನೆ ಸೇರಿ ಪ್ರಕಟಿಸಿದಳು. ಪುಸ್ತಕವನ್ನು ಓದಿ ಪುಸ್ತಕ ಬರೆದದ್ದಲ್ಲ. ಹೆಜ್ಜೆ ಹಾಕಿ ಬರೆದದ್ದು. ಇನ್ನೂ ಹಿಂದಕ್ಕೆ ಹೋದರೆ ಫರ್ಡಿನೆಂಡ್ ಕಿಟೆಲ್. 1853ರಲ್ಲಿ ಬಂದ ಆ ಜರ್ಮನ್ ಪಾದ್ರಿಯು 1894ರಲ್ಲಿ ಪ್ರಕಟಿಸಿದ ಕನ್ನಡ ನಿಘಂಟಿನಲ್ಲಿ ಕವಿಗಳ ಮಾತಿನೊಂದಿಗೆ ಜನರ ಆಡುಮಾತನ್ನೂ ಗಾದೆಗಳನ್ನೂ ಸೇರಿಸಿದರು. ಅವರು ತಮ್ಮ ಜರ್ಮನ್ ಭಾಷೆಯನ್ನು ಕಳೆದುಕೊಳ್ಳಲಿಲ್ಲ. ನಮಗೆ ಕನ್ನಡವನ್ನು ಕಟ್ಟಿಕೊಟ್ಟರು. ಮನೆಯ ಭಾಷೆ ಕೆಡುವುದು ಇನ್ನೊಂದು ಭಾಷೆ ಬಂದುದರಿಂದಲ್ಲ, ಮನೆಯಲ್ಲಿ ಆಡುವವರಿಲ್ಲದೆ ಹೋದುದರಿಂದ.

ಆದ್ದರಿಂದ ಆ ಸದ್ಭಕ್ತರಿಗೆ ನಮ್ಮ ಉತ್ತರ ಇಷ್ಟು. ಮಗುವಿನ ಸ್ಪ್ಯಾನಿಷ್ ಬಿಡಿಸಬೇಡಿರಿ; ಪರದೆಯ ಪಾಠವನ್ನು ಅರ್ಧಕ್ಕೆ ಇಳಿಸಿ ಉಳಿದ ಹೊತ್ತನ್ನು ಅಡಿಗೆಮನೆಗೂ ಪೇಟೆಗೂ ಕಡಲತೀರಕ್ಕೂ ಕೊಡಿರಿ. ಇನ್ನೂ ಎರಡು ಮೂರು ಮಕ್ಕಳನ್ನು ಜೊತೆ ಮಾಡಿರಿ. ತಿಂಗಳಿಗೊಮ್ಮೆ ಆ ಭಾಷೆಯವರೊಬ್ಬರನ್ನು ಊಟಕ್ಕೆ ಕರೆಯಿರಿ; ಬಡಿಸುವ ಕೆಲಸ ಮಗುವಿನದಾಗಲಿ. ಬೇಸಗೆಯ ಬಿಡುವಿನಲ್ಲಿ ಇಳಕಲ್ಲಿಗೆ ಕಳುಹಿಸಿ ಮಗ್ಗದ ಮುಂದೆ ಕೂಡಿಸಿರಿ. ಅಜ್ಜಿಗೆ ಈ ಎರಡೂ ಪಾಠಗಳಲ್ಲಿ ಗುರುಪೀಠವಿರಲಿ. ಎಲ್ಲಕ್ಕೂ ಮಿಗಿಲಾಗಿ, ಅತಿಥಿಗಳ ಮುಂದೆ ಮಗುವಿನಿಂದ ಪಾಠ ಒಪ್ಪಿಸುವುದನ್ನು ನಿಲ್ಲಿಸಿರಿ. ಆ ದಿನ ಕೇಳಿಸಿದ ಆ ಒಂದು ಮಾತನ್ನು ಮಗು ಮರೆಯಲು ಬಹಳ ದಿನ ಬೇಕಾದೀತು.

ನಮ್ಮ ಪಾಲಿನ ಕೆಲಸವೂ ಇದೆ. ಬರುವ ಬಸವ ಜಯಂತಿಯಿಂದ ನಮ್ಮ ಸ್ಪರ್ಧೆಯಲ್ಲಿ ವಚನಗಳ ಸಂಖ್ಯೆಗೆ ಬಹುಮಾನ ಬೇಡ, ಒಂದು ವಚನವನ್ನು ಹೇಳಿ ಅದರೊಳಗಿನ ಕಾಯಕವನ್ನು ಮಾಡಿತೋರಿಸಿದ ಮಗುವಿಗೆ ಬಹುಮಾನ ಕೊಡೋಣ ಎಂದು ಸಮಿತಿಯ ಮುಂದೆ ಇಟ್ಟಿದ್ದೇವೆ. ಎಲ್ಲರೂ ಒಪ್ಪಿಲ್ಲ. ಅಷ್ಟು ಮಗ್ಗಗಳನ್ನೂ ತಿಗುರಿಗಳನ್ನೂ ಎಲ್ಲಿಂದ ತರುವುದು ಎಂದು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ನಿಮ್ಮ ನಿಮ್ಮ ಊರುಗಳಲ್ಲಿ ಇನ್ನೂ ನಡೆಯುತ್ತಿರುವ ಮಗ್ಗ, ಗಾಣ, ಕುಲುಮೆಗಳಿದ್ದರೆ, ಮಕ್ಕಳಿಗೆ ಒಂದು ದಿನ ಬಾಗಿಲು ತೆರೆಯುವ ಮನಸ್ಸುಳ್ಳ ಕಾಯಕಜೀವಿಗಳಿದ್ದರೆ, ನಮಗೆ ಒಂದು ಕಾಗದ ಬರೆಯಿರಿ. ಅಲ್ಲಿಗೆ ಮಕ್ಕಳನ್ನು ಕರೆತರುವ ಹೊಣೆ ನಮ್ಮದು.